ಹಳೆಯ ಕಾರು ಮಾರುವಾಗ ಹಣ ಯಾರ ಖಾತೆಯಿಂದ ಬರಬೇಕು?

ನನ್ನ ಹಳೆಯ ಕಾರು ಕೊಳ್ಳಲು ಜೇವರ್ಗಿ ತಾಲ್ಲೂಕಿನಿಂದ ಬಂದಿದ್ದ ರೈತರೊಬ್ಬರು ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳದಿ ಬಟ್ಟೆಯ ಚೀಲ ಇಟ್ಟು ಗಂಟು ಬಿಚ್ಚಿದರು. ಒಳಗೆ ಐನೂರರ ಆರು ಕಂತೆಗಳಿದ್ದವು. "ಎಣಿಸಿಕೊಳ್ಳಿ ಅಕ್ಕಾ. ಗಂಜಿನಲ್ಲಿ ತೊಗರಿ ಮಾರಿ ಬಂದ ದುಡ್ಡು, ಒಂದು ನೋಟೂ ಕಡಿಮೆ ಇಲ್ಲ" ಎಂದರು. ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವಳು ನಾನು. ಕಂತೆ ಕಂಡರೆ ಬೆರಳು ತಾನಾಗಿಯೇ ಅತ್ತ ಹೋಗುತ್ತದೆ. ಆದರೂ ಮುಟ್ಟಲಿಲ್ಲ.

"ತಮ್ಮಾ, ಮತ್ತೆ ಗಂಟು ಕಟ್ಟಿಬಿಡಿ. ಈ ಹಣ ಮೊದಲು ನಿಮ್ಮ ಖಾತೆಗೆ ಹೋಗಲಿ, ಅಲ್ಲಿಂದ ನನ್ನ ಖಾತೆಗೆ ಬರಲಿ" ಎಂದೆ.

ಅವರ ಮುಖ ಸಣ್ಣದಾಯಿತು. ತಮ್ಮ ದುಡ್ಡಿನ ಮೇಲೆ ನನಗೆ ಅನುಮಾನ ಬಂದಿದೆ ಎಂದುಕೊಂಡರು. ಅನುಮಾನ ಇರಲಿಲ್ಲ. ಅವರನ್ನು ಕೂರಿಸಿ, ಚಹಾ ಕೊಟ್ಟು, ಹಾಗೇಕೆ ಹೇಳಿದೆ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳೆಯ ಗಾಡಿಗಳ ವ್ಯಾಪಾರ ಹೆಚ್ಚಾಗಿ ಪರಿಚಯದ ಮೇಲೆ, ಬಾಯಿಮಾತಿನ ಮೇಲೆ ನಡೆಯುತ್ತದೆ. ಗಾಡಿ ನೋಡುವ ವಿದ್ಯೆ ಎಲ್ಲರಿಗೂ ಗೊತ್ತು. ಹಣ ತೆಗೆದುಕೊಳ್ಳುವ ವಿದ್ಯೆಯನ್ನು ಯಾರೂ ಹೇಳಿಕೊಡುವುದಿಲ್ಲ.

ನಾನು ಮಾರಿದ್ದು 2016ರ ಪೆಟ್ರೋಲ್ ವ್ಯಾಗನ್ ಆರ್. ಹೊಸದಾಗಿ ಕೊಂಡು ಒಬ್ಬಳೇ ಓಡಿಸಿದ ಗಾಡಿ. ಮೊಣಕಾಲು ನೋವಿನಿಂದ ಕ್ಲಚ್ ತುಳಿಯುವುದು ಕಷ್ಟವಾದ ಮೇಲೆ ಕೊಡುವ ಮನಸ್ಸು ಮಾಡಿದೆ. ಮೂರು ಲಕ್ಷ ಹತ್ತು ಸಾವಿರಕ್ಕೆ ಮಾತು ಮುಗಿದಿತ್ತು. ಹತ್ತು ಸಾವಿರ ಮುಂಗಡ ಬಂದಿತ್ತು. ಉಳಿದ ಮೂರು ಲಕ್ಷ ಆ ಹಳದಿ ಚೀಲದಲ್ಲಿತ್ತು.

ಮೂರು ಹೆಸರು, ಒಬ್ಬರೇ ವ್ಯಕ್ತಿ

ಮೊದಲು ಬೀದರಿನಲ್ಲಿರುವ ನನ್ನ ತಮ್ಮನ ಸಂಗತಿ ಹೇಳಬೇಕು. ನನ್ನ ಹಟಕ್ಕೆ ಅದೇ ಕಾರಣ.

2023ರಲ್ಲಿ ಅವನು ತನ್ನ ಕಾರನ್ನು ರಾಜ್ಯದ ಗಡಿಯಾಚೆಯ ಒಬ್ಬರಿಗೆ ನಾಲ್ಕು ಲಕ್ಷ ಅರವತ್ತು ಸಾವಿರಕ್ಕೆ ಕೊಟ್ಟ. ಕೊಳ್ಳುವವರು ಬಂದರು, ಗಾಡಿ ಓಡಿಸಿ ನೋಡಿದರು, ಆಧಾರ್ ಪ್ರತಿ ಕೊಟ್ಟರು. ಅರವತ್ತು ಸಾವಿರ ಅವರ ಖಾತೆಯಿಂದಲೇ ಬಂತು. ಉಳಿದ ನಾಲ್ಕು ಲಕ್ಷವನ್ನು "ನನ್ನ ವ್ಯಾಪಾರದ ಪಾಲುದಾರ ಕಳುಹಿಸುತ್ತಾನೆ" ಎಂದರು. ಹತ್ತು ನಿಮಿಷದಲ್ಲಿ ಹಣ ಬಂತು. ತಮ್ಮ ತನ್ನ ಖಾತೆಯ ಶಿಲ್ಕು ನೋಡಿಕೊಂಡೇ ಕೀಲಿ ಕೊಟ್ಟ. ಅವನ ಜಾಗದಲ್ಲಿ ಯಾರಿದ್ದರೂ ಅಷ್ಟನ್ನೇ ಮಾಡುತ್ತಿದ್ದರು.

ಹನ್ನೊಂದನೆಯ ದಿನ ಎಟಿಎಂ ಕಾರ್ಡ್ ನಿಂತುಹೋಯಿತು. ಶಾಖೆಗೆ ಹೋಗಿ ಕೇಳಿದರೆ, ದೂರದ ಇನ್ನೊಂದು ರಾಜ್ಯದ ಸೈಬರ್ ಠಾಣೆಯಿಂದ ಸೂಚನೆ ಬಂದಿದೆ, ಖಾತೆಯನ್ನು ತಡೆಹಿಡಿಯಲಾಗಿದೆ ಎಂದರು. ಆ ನಾಲ್ಕು ಲಕ್ಷ ಯಾರೋ ಮೋಸ ಹೋದವರ ಹಣವಾಗಿತ್ತು. ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳು ಅದು. ಮಾರಾಟದ ಕಾಗದಗಳು, ವಾಟ್ಸಾಪ್ ಸಂಭಾಷಣೆ, ಆರ್‌ಟಿಒ ಅರ್ಜಿಯ ಪ್ರತಿ ಎಲ್ಲವನ್ನೂ ಹೊತ್ತು ಅವನು ಎರಡು ಬಾರಿ ಆ ಊರಿಗೆ ಹೋಗಿ ಬಂದ. ಖಾತೆ ಬಿಡುಗಡೆಯಾಗಲು ನಾಲ್ಕು ತಿಂಗಳು ಹಿಡಿಯಿತು. ಶುಲ್ಕದ ಹಣವನ್ನು ನಾನು ಕೊಟ್ಟೆ. ಆದರೆ ಆ ನಾಲ್ಕು ತಿಂಗಳು ಅವನು ನೆರೆಹೊರೆಯವರ ಮುಂದೆ ತಲೆ ತಗ್ಗಿಸಿ ನಡೆದದ್ದನ್ನು ನಾನು ಮರೆತಿಲ್ಲ. ಅವನು ಯಾರಿಗೂ ಮೋಸ ಮಾಡಿರಲಿಲ್ಲ.

ಇದು ನಡೆಯುವ ಬಗೆ ಹೀಗೆ. ಎಲ್ಲೋ ಒಬ್ಬರಿಗೆ ಫೋನಿನಲ್ಲಿ ಮೋಸವಾಗುತ್ತದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿರುತ್ತದೆ. ಮೋಸಗಾರರಿಗೆ ಅದನ್ನು ಬೇಗನೆ ಚಿನ್ನವಾಗಿಯೋ ಗಾಡಿಯಾಗಿಯೋ ಬದಲಿಸಿಕೊಳ್ಳುವ ಅವಸರ. ಪೊಲೀಸರು ಮತ್ತು ಬ್ಯಾಂಕುಗಳು ಹಣದ ಜಾಡು ಹಿಡಿದು ಬರುತ್ತಾರೆ. ಜಾಡಿನ ತುದಿಯಲ್ಲಿ ಕಾರು ಮಾರಿದ ಅಮಾಯಕರ ಖಾತೆ ಇರುತ್ತದೆ. ಬ್ಯಾಂಕಿನವರು ಆ ಮೊತ್ತದ ಮೇಲೆ ಲೀನ್ ಹಾಕುತ್ತಾರೆ, ಅಂದರೆ ಅಷ್ಟು ಹಣ ತೆಗೆಯದಂತೆ ತಡೆಯುತ್ತಾರೆ, ಕೆಲವೊಮ್ಮೆ ಖಾತೆಯನ್ನೇ ತಡೆಹಿಡಿಯುತ್ತಾರೆ. ಹಣ ಬಂದಿತ್ತಲ್ಲ, ಸ್ಕ್ರೀನ್‌ಶಾಟ್ ಸುಳ್ಳಲ್ಲವಲ್ಲ ಎಂದರೆ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ನಿಯಮ: ಗಾಡಿ ಯಾರ ಹೆಸರಿಗೆ ವರ್ಗವಾಗುತ್ತದೆಯೋ ಆ ಹೆಸರು, ಆಧಾರ್‌ನಲ್ಲಿರುವ ಹೆಸರು, ಹಣ ಹೊರಡುವ ಖಾತೆಯ ಹೆಸರು, ಈ ಮೂರೂ ಒಬ್ಬರದೇ ಆಗಿರಬೇಕು. ಪಾಸ್‌ಪುಸ್ತಕದ ಮೊದಲ ಪುಟ ತೋರಿಸಲು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನೀವು ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೋರಿಸುವಾಗ ಅವರೇನು ಸಂಕೋಚಪಟ್ಟರೇ? "ಭಾವನ ಖಾತೆಯಿಂದ ಹಾಕುತ್ತೇನೆ", "ಅಂಗಡಿ ಖಾತೆಯಿಂದ ಬರುತ್ತದೆ" ಎಂದರೆ, ಭಾವ ಮೊದಲು ನಿಮಗೆ ಹಾಕಲಿ, ನೀವು ನನಗೆ ಹಾಕಿ ಎನ್ನಿ. ತಂದೆಯ ಹಣದಲ್ಲಿ ಮಗ ಗಾಡಿ ಕೊಳ್ಳುವುದು ನಮ್ಮಲ್ಲಿ ಸಹಜ. ಅಲ್ಲಿಯೂ ಹಣ ಮಗನ ಖಾತೆಗೆ ಬಂದು ನಂತರ ನಿಮಗೆ ಬರಲಿ, ಇಲ್ಲವೇ ಗಾಡಿಯನ್ನೇ ತಂದೆಯ ಹೆಸರಿಗೆ ಮಾಡಿಸಲಿ. ಪ್ರಾಮಾಣಿಕರಿಗೆ ಇದು ಅರ್ಧ ದಿನದ ಕೆಲಸ ಮಾತ್ರ. ಅಷ್ಟಕ್ಕೂ ಒಪ್ಪದವರು ಎಷ್ಟೇ ಹೆಚ್ಚು ಬೆಲೆ ಹೇಳಿದರೂ ಕೈ ಮುಗಿದು ಕಳುಹಿಸಿ.

ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಕೊಳ್ಳುವವರು ಬ್ಯಾಂಕ್ ಸಾಲ ಮಾಡಿದ್ದರೆ ಹಣ ಬ್ಯಾಂಕಿನಿಂದಲೇ ನೇರವಾಗಿ ನಿಮಗೆ ಬರಬಹುದು. ಆಗ ಸಾಲ ಮಂಜೂರಾತಿ ಪತ್ರವನ್ನು ನೋಡಿ, ಅದನ್ನು ಕೊಟ್ಟ ಶಾಖೆಗೆ ನೀವೇ ಹೋಗಿ ವಿಚಾರಿಸಿ. ಪತ್ರದ ಮೇಲೆ ಬರೆದಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಸಾಲದು.

ಗೊತ್ತಿಲ್ಲದವರಿಂದ ನಿಮ್ಮ ಖಾತೆಗೆ ಹಣ ಬಂದೇ ಬಿಟ್ಟರೆ? "ತಪ್ಪಿ ಬಂತು, ಈ ಇನ್ನೊಂದು ಖಾತೆಗೆ ವಾಪಸ್ ಹಾಕಿ" ಎನ್ನುವವರ ಮಾತು ಕೇಳಬೇಡಿ. ಬಂದ ದಾರಿಯಲ್ಲಿಯೇ ಅದು ಹಿಂದಿರುಗಬೇಕು. ನಿಮ್ಮ ಶಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಸಹಿ ಪಡೆಯಿರಿ. ಆ ಹಣವನ್ನು ಖರ್ಚು ಮಾಡಬೇಡಿ.

ಬಯಾನಾ

ಮುಂಗಡಕ್ಕೆ ನಮ್ಮ ಕಡೆ ಬಯಾನಾ ಎನ್ನುತ್ತಾರೆ. ಇದು ಚಿಕ್ಕದಾಗಿರಲಿ. ಹತ್ತು ಸಾವಿರ ಸಾಕು. ಬಿಳಿ ಹಾಳೆಯ ಮೇಲೆ ಗಾಡಿ ಸಂಖ್ಯೆ, ಒಪ್ಪಿದ ಬೆಲೆ, ಬಂದ ಮುಂಗಡ, ಬಾಕಿ ಕೊಡುವ ದಿನಾಂಕ, ಮಾತು ಮುರಿದರೆ ಬಯಾನಾ ಏನಾಗುತ್ತದೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿ. ಬಯಾನಾ ಬಂದ ಮಾತ್ರಕ್ಕೆ ಆರ್‌ಸಿ ಕೊಡಬೇಡಿ. "ಮನೆಯವರಿಗೆ ತೋರಿಸಿಕೊಂಡು ಬರುತ್ತೇನೆ" ಎಂದರೂ ಗಾಡಿ ಕೊಡಬೇಡಿ. ಬೇಕಾದರೆ ನೀವೇ ಜೊತೆಗೆ ಹೋಗಿ.

ಬಯಾನಾ ಹೆಚ್ಚಾಗಿ ಯುಪಿಐ ಮೂಲಕ ಬರುತ್ತದೆ. ಬಹಳಷ್ಟು ಮೋಸಗಳು ಆರಂಭವಾಗುವುದು ಇಲ್ಲಿಯೇ. ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ ಮರುದಿನವೇ ನನಗೊಂದು ಕರೆ ಬಂತು. ತಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಗಾಡಿ ನೋಡುವ ಅಗತ್ಯವಿಲ್ಲ, ಫೋಟೊ ಸಾಕು, ಈಗಲೇ ಮುಂಗಡ ಹಾಕುತ್ತೇನೆ ಎಂದ. ನಾನು ಹೇಳಿದ ಬೆಲೆಗೆ ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲಿಲ್ಲ. ಗುರುತಿನ ಚೀಟಿಯ ಚಿತ್ರ ಕಳುಹಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ನಿಮಗೆ ಬರುತ್ತದೆ" ಎಂದ. ನಾನು ಫೋನ್ ಇಟ್ಟೆ.

ಇಷ್ಟನ್ನು ಮನೆಯ ಹಿರಿಯರಿಗೆಲ್ಲ ಬಾಯಿಪಾಠ ಮಾಡಿಸಿ: ಯುಪಿಐ ಪಿನ್ ಹಾಕುವುದು ಹಣ ಹೋಗುವುದಕ್ಕೆ. ಹಣ ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ, ಒಟಿಪಿಯೂ ಬೇಡ. ಹಣ ಕೇಳಿ ಕಳುಹಿಸುವ ಕೋರಿಕೆಗಳನ್ನು ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಕೋಡ್ ಕಳುಹಿಸುವುದನ್ನಂತೂ ಯಾರೂ ತಡೆಯಲಾರರು. ಫೋನಿನ ಪರದೆಯನ್ನು ಅವರಿಗೆ ಕಾಣಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ, ಆ ಕ್ಷಣದಲ್ಲೇ ಮಾತು ನಿಲ್ಲಿಸಿ.

ಸ್ಕ್ರೀನ್‌ಶಾಟ್ ರಸೀದಿಯಲ್ಲ. ಹಣ ಕಳುಹಿಸಿದಂತೆ ಹಸಿರು ಗುರುತು ತೋರಿಸುವ, ಟಣ್ ಎಂದು ಸದ್ದು ಮಾಡುವ ನಕಲಿ ಆ್ಯಪ್‌ಗಳೂ ಇವೆ. ಬ್ಯಾಂಕಿನದೇ ಎಂಬಂತೆ ಕಾಣುವ ಎಸ್‌ಎಂಎಸ್ ಅನ್ನು ಯಾವುದೋ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದಲೂ ಕಳುಹಿಸುತ್ತಾರೆ. ನಿಮ್ಮ ಫೋನಿನಲ್ಲಿ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಶಿಲ್ಕು ಹೆಚ್ಚಾಗಿದೆಯೇ ಎಂದು ನೋಡಿ. ಆ್ಯಪ್ ಬಳಸದವರು ಪಾಸ್‌ಪುಸ್ತಕಕ್ಕೆ ನಮೂದು ಮಾಡಿಸಲಿ.

ಯುಪಿಐಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿ ಮಿತಿ ಇದೆ. ಕಾರಿನ ಪೂರ್ತಿ ಬೆಲೆ ಒಂದೇ ದಿನ ಅದರಲ್ಲಿ ಬರುವುದಿಲ್ಲ. "ಇವತ್ತು ಒಂದು, ನಾಳೆ ಒಂದು, ನಾಡಿದ್ದು ಒಂದು" ಎಂದು ಮೊದಲ ದಿನವೇ ಗಾಡಿ ಕೇಳುವವರಿದ್ದಾರೆ. ಕೊನೆಯ ಒಂದು ಬಂದ ದಿನ ಗಾಡಿ ಕೊಡಿ.

ಹಳದಿ ಚೀಲದ ಹಣ

ಇನ್ನು ನಗದಿನ ವಿಷಯ. ಆದಾಯ ತೆರಿಗೆ ಕಾನೂನಿನಲ್ಲಿ 2017ರ ಏಪ್ರಿಲ್‌ನಿಂದ ಒಂದು ನಿರ್ಬಂಧವಿದೆ. ಒಬ್ಬರಿಂದ ಒಂದು ದಿನದಲ್ಲಾಗಲಿ, ಒಂದೇ ವ್ಯವಹಾರಕ್ಕಾಗಲಿ, ಒಂದೇ ಸಂದರ್ಭಕ್ಕೆ ಸಂಬಂಧಿಸಿಯಾಗಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಎಷ್ಟು ಪಡೆದಿರೋ ಅಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ಕೊಟ್ಟವರ ಮೇಲಲ್ಲ, ಪಡೆದವರ ಮೇಲೆ. ನನ್ನ ಮೇಜಿನ ಮೇಲಿದ್ದ ಮೂರು ಲಕ್ಷವನ್ನು ತೆಗೆದುಕೊಂಡಿದ್ದರೆ ಕಾರಿನ ಬೆಲೆಯೇ ದಂಡಕ್ಕೆ ಹೋಗುವ ಅಪಾಯವಿತ್ತು.

ಒಂದು ಲಕ್ಷ ಐವತ್ತು ಸಾವಿರ ಇವತ್ತು, ಉಳಿದದ್ದು ನಾಳೆ ಎಂದು ಒಡೆದರೆ ಸರಿಹೋಗುತ್ತದೆ ಎಂದು ಹೇಳುವ ದಲ್ಲಾಳಿಗಳಿದ್ದಾರೆ. ಸರಿಹೋಗುವುದಿಲ್ಲ. ವ್ಯವಹಾರ ಒಂದೇ, ಗಾಡಿ ಒಂದೇ. ಎಷ್ಟು ದಿನಕ್ಕೆ ಹಂಚಿದರೂ ಒಟ್ಟು ಲೆಕ್ಕ ಒಂದೇ ಆಗುತ್ತದೆ.

ಬೆಲೆಯೇ 2 ಲಕ್ಷಕ್ಕಿಂತ ಕಡಿಮೆ ಇದ್ದು ನಗದು ಪಡೆಯುವುದಾದರೆ ಮನೆಯಲ್ಲಿ ಪಡೆಯಬೇಡಿ. ನಿಮ್ಮ ಬ್ಯಾಂಕ್ ಶಾಖೆಗೆ ಕೊಳ್ಳುವವರೊಂದಿಗೆ ಹೋಗಿ. ಕೌಂಟರಿನ ಯಂತ್ರದಲ್ಲಿ ಎಣಿಕೆಯಾಗಿ ಹಣ ನಿಮ್ಮ ಖಾತೆಗೆ ಜಮಾ ಆಗುವವರೆಗೂ ಅವರು ಪಕ್ಕದಲ್ಲಿಯೇ ಇರಲಿ. ಖೋಟಾ ನೋಟು ಸಿಕ್ಕರೆ ಬ್ಯಾಂಕಿನವರು ಅದನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ಬದಲಿ ಹಣ ಕೊಡುವುದಿಲ್ಲ. ಒಂದೇ ಬಾರಿಗೆ ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸರಿಗೆ ದೂರು ಹೋಗಲೇಬೇಕು, ಎಫ್‌ಐಆರ್ ಆಗುತ್ತದೆ. ಕೊಟ್ಟವರು ಪಕ್ಕದಲ್ಲಿ ಇಲ್ಲದಿದ್ದರೆ ಉತ್ತರ ಹೇಳಬೇಕಾದವರು ನೀವು. ಎಷ್ಟೋ ಸಲ ಕೌಂಟರಿನ ಆಚೆ ನಿಂತು "ನನಗೆ ಬೇರೆಯವರು ಕೊಟ್ಟದ್ದು, ಮೇಡಂ" ಎಂದು ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ. ಅವರು ನಿಜವನ್ನೇ ಹೇಳುತ್ತಿದ್ದರು ಎಂದು ಗೊತ್ತಿದ್ದರೂ ನನ್ನ ಕೈಯಲ್ಲಿ ಏನೂ ಇರಲಿಲ್ಲ. ದೊಡ್ಡ ಮೊತ್ತದ ನಗದು ಕಟ್ಟುವಾಗ ಪಾನ್ ಕೇಳಬಹುದು, ಕಾರ್ಡ್ ಜೊತೆಗಿರಲಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬುದನ್ನೂ ನೆನಪಿಡಿ.

ರೈತರಿಗೆ ತಮ್ಮ ಖಾತೆಗೆ ದೊಡ್ಡ ನಗದು ಕಟ್ಟಲು ಭಯವಿದೆ. "ತೆರಿಗೆಯವರು ಬರುತ್ತಾರೆ ಅಕ್ಕಾ" ಎಂದು ಅವರೂ ಹೇಳಿದರು. ತಾನೇ ಬೆಳೆದ ತೊಗರಿ ಮಾರಿದ ಹಣ ಕೃಷಿ ಆದಾಯ. ಅದಕ್ಕೆ ಆದಾಯ ತೆರಿಗೆ ಇಲ್ಲ. ಅಡತ್ ಅಂಗಡಿಯವರು, ಅಂದರೆ ಮಾರುಕಟ್ಟೆಯ ದಲ್ಲಾಳಿಗಳು, ಕೊಡುವ ಪಟ್ಟಿಯಲ್ಲಿ ಎಷ್ಟು ಕ್ವಿಂಟಲ್, ಯಾವ ದರ, ಹಮಾಲಿ ಎಷ್ಟು ಕಳೆದರು ಎಂಬುದೆಲ್ಲ ಇರುತ್ತದೆ. ಆ ಪಟ್ಟಿಯನ್ನು ಪಾಸ್‌ಪುಸ್ತಕದೊಳಗೆ ಇಟ್ಟುಕೊಂಡರೆ ಯಾರು ಕೇಳಿದರೂ ತೋರಿಸಬಹುದು. ಇದನ್ನು ಹೇಳಿದಾಗ ಅವರು ಅಂಗಿಯ ಜೇಬಿನಿಂದ ಮಡಚಿದ್ದ ಪಟ್ಟಿಗಳನ್ನು ತೆಗೆದು ತೋರಿಸಿದರು. ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದರು.

ಅವರ ಖಾತೆ ಜೇವರ್ಗಿಯ ಶಾಖೆಯಲ್ಲಿತ್ತು. ಅದೇ ಬ್ಯಾಂಕಿನ ಶಾಖೆ ಸೂಪರ್ ಮಾರ್ಕೆಟ್ ಹತ್ತಿರ ಇದೆ. ಅಂದೇ ಮಧ್ಯಾಹ್ನ ಇಬ್ಬರೂ ಹೋಗಿ ಆರು ಕಂತೆಗಳನ್ನು ಅವರ ಖಾತೆಗೆ ಕಟ್ಟಿಸಿದೆವು. ಚೆಕ್ ಪುಸ್ತಕ ಊರಿನಲ್ಲಿದ್ದುದರಿಂದ ವರ್ಗಾವಣೆಯನ್ನು ಮರುದಿನಕ್ಕೆ ಇಟ್ಟುಕೊಂಡೆವು.

ದೊಡ್ಡ ಮೊತ್ತಕ್ಕೆ ದಾರಿ

ಖಾತೆಯಿಂದ ಖಾತೆಗೆ ಹಣ ಕಳುಹಿಸುವ ದಾರಿಗಳು ಇವು: 2 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಆರ್‌ಟಿಜಿಎಸ್, ಅದಕ್ಕಿಂತ ಕಡಿಮೆಯದಕ್ಕೆ ನೆಫ್ಟ್. ಮೊಬೈಲಿನಿಂದ ಕಳುಹಿಸುವವರು 5 ಲಕ್ಷದವರೆಗೆ ಐಎಂಪಿಎಸ್ ಬಳಸಬಹುದು, ಅವರ ಬ್ಯಾಂಕ್ ಅಷ್ಟಕ್ಕೆ ಅನುಮತಿ ಕೊಟ್ಟಿದ್ದರೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತವೆ. "ಇವತ್ತು ಭಾನುವಾರ, ಹಣ ನಾಳೆ ತೋರಿಸುತ್ತದೆ, ಗಾಡಿ ಈಗ ಕೊಡಿ" ಎಂಬ ಮಾತಿಗೆ ಈಗ ಅರ್ಥವಿಲ್ಲ. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ, ಆದ್ದರಿಂದ ಸ್ವಲ್ಪ ಕಾಯಬೇಕು. ಆರ್‌ಟಿಜಿಎಸ್‌ನಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹಣ ಬಂದಿರುತ್ತದೆ. ಬರದಿದ್ದರೆ ಚಹಾ ಕುಡಿಯುತ್ತಾ ಕಾಯಿರಿ. ಕೀಲಿ ನಿಮ್ಮ ಚೀಲದಲ್ಲಿಯೇ ಇರಲಿ.

ಅವಸರದಲ್ಲಿ ಎಡವುವ ಜಾಗ ಇನ್ನೊಂದಿದೆ. ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಹೊಸ ಖಾತೆಯನ್ನು ಸೇರಿಸಿದ ಮೊದಲ ದಿನ ಅನೇಕ ಬ್ಯಾಂಕುಗಳು ದೊಡ್ಡ ಮೊತ್ತ ಬಿಡುವುದಿಲ್ಲ. ಕೊಳ್ಳುವವರು ಪ್ರಾಮಾಣಿಕರಾಗಿದ್ದರೂ ಕೊನೆಯ ಗಳಿಗೆಯಲ್ಲಿ ಹಣ ಹೋಗದೆ ಇಬ್ಬರಿಗೂ ಇರುಸುಮುರುಸಾಗುತ್ತದೆ. ಬಯಾನಾ ಕೊಟ್ಟ ದಿನವೇ ನಿಮ್ಮ ಖಾತೆಯನ್ನು ಸೇರಿಸಿಕೊಳ್ಳಲು ಹೇಳಿ. ಸೇರಿಸುವಾಗ ಖಾತೆದಾರರ ಹೆಸರು ಪರದೆಯಲ್ಲಿ ಕಂಡರೆ ಓದಿ ಹೇಳಲಿ. ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ಫೋನಿನಲ್ಲಿ ಓದಿ ಹೇಳಬೇಡಿ, ಕಾಗದದ ಮೇಲೆ ಬರೆದು ಕೊಡಿ. ಖಾಲಿ ಚೆಕ್ ಹಾಳೆ ಕೇಳಿದರೆ ಅಡ್ಡಗೆರೆ ಎಳೆದು ರದ್ದು ಎಂದು ಬರೆದು ಕೊಡಿ, ಸಹಿ ಮಾಡಬೇಡಿ.

ಮೊಬೈಲ್ ಬ್ಯಾಂಕಿಂಗ್ ಇಲ್ಲದವರೊಂದಿಗೆ ಅವರ ಶಾಖೆಗೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಚೆಕ್ ಮತ್ತು ಅರ್ಜಿ ಕೊಟ್ಟರೆ ಕೌಂಟರಿನಲ್ಲಿಯೇ ಆರ್‌ಟಿಜಿಎಸ್ ಮಾಡುತ್ತಾರೆ. ಶುಲ್ಕ 5 ಲಕ್ಷದವರೆಗೆ ಇಪ್ಪತ್ತೈದು ರೂಪಾಯಿ ಮತ್ತು ತೆರಿಗೆಯ ಆಸುಪಾಸು. ಹಣ ಹೋದ ಮೇಲೆ ಯುಟಿಆರ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಹಣ ಎಲ್ಲಿಯಾದರೂ ನಿಂತರೆ ಹುಡುಕಲು ಅದೇ ಆಧಾರ.

ಡಿಡಿ, ಚೆಕ್

ಡಿಮ್ಯಾಂಡ್ ಡ್ರಾಫ್ಟ್ ಕೈಗೆ ಬಂದರೆ ನಗದೇ ಬಂದಂತೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿದೆ. ಅಸಲಿ ಡಿಡಿಯಾದರೆ ನಂಬಿಕೆ ಸರಿ. ನಾನು ಕೆಲಸದಲ್ಲಿದ್ದಾಗ ಒಬ್ಬ ನಿವೃತ್ತ ಶಿಕ್ಷಕರು ಶನಿವಾರ ಸಂಜೆ ಗಾಡಿ ಕೊಟ್ಟು ಸೋಮವಾರ ಬೆಳಿಗ್ಗೆ ಡಿಡಿ ಹಿಡಿದು ಬಂದರು. ಕಾಗದವನ್ನು ಬೆರಳಲ್ಲಿ ಉಜ್ಜಿದಾಗಲೇ ನನಗೆ ಗೊತ್ತಾಯಿತು. ಬಣ್ಣದ ಮುದ್ರಣ. ಆ ಹೊತ್ತಿಗೆ ಗಾಡಿ ಎಲ್ಲಿತ್ತೋ. ಅವರಿಗೆ ಅದನ್ನು ಹೇಳಬೇಕಾದವಳು ನಾನು. ನನ್ನ ನೌಕರಿಯಲ್ಲಿ ಅಷ್ಟು ಕಷ್ಟದ ಮಾತು ಆಡಿದ್ದು ನೆನಪಿಲ್ಲ.

ಡಿಡಿಯೇ ಬೇಕೆಂದಾದರೆ ಅದನ್ನು ಮಾಡಿಸುವ ಶಾಖೆಗೆ ನೀವೂ ಹೋಗಿ, ಕೌಂಟರಿನಿಂದ ಹೊರಬರುವುದನ್ನು ಕಣ್ಣಾರೆ ನೋಡಿ. 2018ರ ಸೆಪ್ಟೆಂಬರ್‌ನಿಂದ ಡಿಡಿಯ ಮುಖದ ಮೇಲೆ ಮಾಡಿಸಿದವರ ಹೆಸರನ್ನೂ ಮುದ್ರಿಸುತ್ತಾರೆ. ಆ ಹೆಸರು ಕೊಳ್ಳುವವರದೇ ಎಂದು ಖಚಿತಪಡಿಸಿಕೊಳ್ಳಿ. ಬ್ಯಾಂಕ್ ಮುಚ್ಚಿರುವ ಹೊತ್ತಿನಲ್ಲಿ ಡಿಡಿ ತಂದು ಗಾಡಿ ಕೇಳುವವರಿಗೆ, ಬ್ಯಾಂಕ್ ತೆರೆದ ಮೇಲೆ ಬನ್ನಿ ಎಂದು ಹೇಳಿ.

ಚೆಕ್ ಪಡೆದರೆ ಅದು ಪಾಸಾಗಿ ಹಣ ತೆಗೆಯಲು ಬರುವವರೆಗೂ ಗಾಡಿ ಕೊಡಬೇಡಿ. ಮುಂದಿನ ತಿಂಗಳ ದಿನಾಂಕ ಹಾಕಿದ ಚೆಕ್ಕುಗಳಿಗಂತೂ ಒಪ್ಪಲೇಬೇಡಿ. ಚೆಕ್ ವಾಪಸಾದರೆ ಕಾನೂನಿದೆ ನಿಜ: ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್, ಅವರಿಗೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು. ಅಷ್ಟು ಓಡಾಟ ಹಳೆಯ ಕಾರು ಮಾರಿದವರಿಗೆ ಏಕೆ ಬೇಕು?

ಕೀಲಿ ಕೊಡುವ ದಿನ

ಕೊಳ್ಳುವವರಿಗೂ ಭಯವಿರುತ್ತದೆ. ಹಣ ಕಳುಹಿಸಿದ ಮೇಲೆ ಇವರು ಸಹಿ ಮಾಡದಿದ್ದರೆ? ಅದು ನ್ಯಾಯವಾದ ಭಯ, ಗೌರವಿಸಬೇಕು. ನಾನು ಹೀಗೆ ಮಾಡಿದೆ. ಮರುದಿನ ಶಾಖೆಯಲ್ಲಿ ಅವರು ಚೆಕ್ ಮತ್ತು ಆರ್‌ಟಿಜಿಎಸ್ ಅರ್ಜಿ ಬರೆಯುತ್ತಿರುವಾಗ ನಾನು ಪಕ್ಕದಲ್ಲಿಯೇ ಹೆಸರು ವರ್ಗಾವಣೆಗೆ ಬೇಕಾದ ಫಾರಂ 29ರ ಪ್ರತಿಗಳನ್ನೂ ಫಾರಂ 30ನ್ನೂ ತುಂಬಿ ಸಹಿ ಮಾಡಿದೆ. ಕಾಗದಗಳು ಅವರ ಕಣ್ಣ ಮುಂದೆ, ಆದರೆ ನನ್ನ ಕೈ ಕೆಳಗೆ. ಹಣ ನನ್ನ ಆ್ಯಪ್‌ನಲ್ಲಿ ಕಂಡ ಮೇಲೆ ಫಾರಂ, ಆರ್‌ಸಿ, ವಿಮೆ, ಎರಡೂ ಕೀಲಿಗಳನ್ನು ಅವರತ್ತ ಸರಿಸಿದೆ. ಖಾಲಿ ಫಾರಂಗೆ ಸಹಿ ಮಾಡಿ ಕೊಡಬೇಡಿ. ಆ ಫಾರಂ ಮೂರು ಕೈ ದಾಟಿ, ಗಾಡಿ ಯಾರಲ್ಲಿದೆ ಎಂದೇ ಗೊತ್ತಾಗದೆ ಹೋಗುತ್ತದೆ.

ಗಾಡಿ ಒಪ್ಪಿಸಿದ ದಿನಾಂಕದ ಜೊತೆಗೆ ಗಂಟೆ, ನಿಮಿಷವನ್ನೂ ಬರೆದು ಸಹಿ ಪಡೆಯಿರಿ. ಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತಿತ್ತು ಎಂಬುದನ್ನೂ ಬರೆಯಿರಿ. ಅದೇ ಸಂಜೆ ಎಲ್ಲಾದರೂ ಕ್ಯಾಮೆರಾ ದಂಡ ಬಿದ್ದರೆ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

"ಆರ್‌ಸಿ ನನ್ನ ಹೆಸರಿಗೆ ಆದ ಮೇಲೆ ಉಳಿದ ಇಪ್ಪತ್ತು ಸಾವಿರ ಕೊಡುತ್ತೇನೆ" ಎಂಬ ಪದ್ಧತಿ ನಮ್ಮಲ್ಲಿದೆ. ನಾನು ಒಪ್ಪುವುದಿಲ್ಲ. ಬಾಕಿ ಉಳಿದ ಹಣ ಹೆಚ್ಚಾಗಿ ಬಾಕಿಯೇ ಉಳಿಯುತ್ತದೆ. ಅದರ ಬದಲು ಆರ್‌ಟಿಒ ಕಚೇರಿಗೆ ನಾನೇ ಜೊತೆಗೆ ಬರುತ್ತೇನೆ ಎಂದು ಹೇಳಿ, ಹೇಳಿದಂತೆ ಹೋಗಿ. ಹೆಸರು ಬದಲಾಗುವುದು ಅವರಿಗಿಂತ ನಿಮಗೆ ಹೆಚ್ಚು ಮುಖ್ಯ. ಗಾಡಿ ಮಾರಿದ್ದರೂ ದಾಖಲೆಯಲ್ಲಿ ಹೆಸರು ಇರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು.

ಸೊಲ್ಲಾಪುರ, ಜಹೀರಾಬಾದ್, ಹೈದರಾಬಾದ್ ಕಡೆಯವರು, ಅಂದರೆ ಬೇರೆ ರಾಜ್ಯದವರು, ಕೊಳ್ಳುವುದಾದರೆ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಅದು ಯಾವ ಊರಿನ ಆರ್‌ಟಿಒಗೆ ಎಂದು ಪತ್ರದಲ್ಲಿಯೇ ಇರುತ್ತದೆ. ಅದನ್ನು ತೆಗೆಸಿದ ಮೇಲೆ ಅವರು ಕೈಕೊಟ್ಟರೆ ರದ್ದು ಮಾಡಿಸುವ ಓಡಾಟ ನಿಮ್ಮದು. ಇಂಥವರಿಂದ ಬಯಾನಾ ಸ್ವಲ್ಪ ದೊಡ್ಡದಾಗಿಯೇ ಪಡೆಯಿರಿ, ಪತ್ರ ಬಂದ ಮೇಲೆ ಪೂರ್ತಿ ಹಣ ಪಡೆದು ಅದನ್ನು ಕೊಡಿ.

ನಿಮ್ಮ ಗಾಡಿಯ ಮೇಲೆ ಸಾಲ ಬಾಕಿ ಇದ್ದರೆ ಕೊಳ್ಳುವವರು ಅಷ್ಟು ಮೊತ್ತವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಲಿ, ಉಳಿದದ್ದು ನಿಮಗೆ ಬರಲಿ. ಬ್ಯಾಂಕಿನ ಸಾಲ ತೀರುವಳಿ ಪತ್ರ ಮತ್ತು ದಾಖಲೆಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬಂದ ಮೇಲೆಯೇ ಹೆಸರು ವರ್ಗವಾಗುತ್ತದೆ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ.

ಫಾಸ್ಟ್‌ಟ್ಯಾಗ್ ಮುಚ್ಚಿಸಿ. ಇಲ್ಲವಾದರೆ ಅವರು ದಾಟುವ ಟೋಲ್‌ಗಳ ಹಣವೆಲ್ಲ ನಿಮ್ಮ ಖಾತೆಯಿಂದ ಹೋಗುತ್ತದೆ. ಕ್ಲೇಮ್ ಮಾಡದೆ ಗಳಿಸಿದ ವಿಮೆಯ ರಿಯಾಯಿತಿ ಗಾಡಿಯದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಪತ್ರ ಪಡೆದರೆ ಮುಂದೆ ಇನ್ನೊಂದು ಗಾಡಿ ಕೊಂಡಾಗ ಬಳಸಬಹುದು.

ಇಷ್ಟೆಲ್ಲ ಮಾಡಿದರೂ ಮೋಸವಾದರೆ ಅಳುತ್ತಾ ಕೂರಬೇಡಿ, ಯಾರೇನೆನ್ನುತ್ತಾರೋ ಎಂದು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಆಮೇಲೆ ನಿಮ್ಮ ಬ್ಯಾಂಕಿಗೆ ತಿಳಿಸಿ. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಮೊದಲ ಒಂದೆರಡು ಗಂಟೆಗಳಲ್ಲೇ ಹೆಚ್ಚು.

ನನ್ನ ಖಾತೆಗೆ ಮೂರು ಲಕ್ಷ ಬಂದದ್ದು ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ, ಅವರ ಹೆಸರಿನಲ್ಲಿಯೇ. ಮುಂದಿನ ವಾರ ಇಬ್ಬರೂ ಆರ್‌ಟಿಒಗೆ ಹೋಗಿ ಅರ್ಜಿ ಕೊಟ್ಟೆವು. ಆಮೇಲೆ ನಾನು ದಿನವೂ ಬೆಳಿಗ್ಗೆ ಗಾಡಿಗಳ ನೋಂದಣಿ ವಿವರ ತೋರಿಸುವ ಸರ್ಕಾರದ ವಾಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿ ನೋಡುತ್ತಿದ್ದೆ. ಅಲ್ಲಿ ಮಾಲೀಕರ ಹೆಸರಿನ ಹೆಚ್ಚಿನ ಅಕ್ಷರಗಳನ್ನು ನಕ್ಷತ್ರ ಚಿಹ್ನೆಗಳಿಂದ ಮುಚ್ಚಿರುತ್ತಾರೆ. ಮಾರ್ಚ್ ತಿಂಗಳ ಒಂದು ದಿನ ಮೊದಲಕ್ಷರ ಬದಲಾಗಿತ್ತು, ಎಷ್ಟನೆಯ ಮಾಲೀಕರು ಎಂಬಲ್ಲಿ 2 ಎಂದಿತ್ತು. ಅದರ ಚಿತ್ರ ತೆಗೆದು ಜೇವರ್ಗಿಗೂ ಬೀದರಿಗೂ ಕಳುಹಿಸಿದೆ.